ನಡುಗಂಬ

ಬಿರುಕು ನೋಡಲು ಏಣಿ ಹತ್ತಿದ್ದ ಕಲ್ಲುಕೆಲಸದ ಬಾಸ್ತಿಯೆನ್, ಸಭಾಂಗಣದ ಚಾವಣಿ ಹೊತ್ತ ನಡುಗಂಬದ ನೆತ್ತಿಗೂ ಮೇಲಿನ ಕಮಾನಿಗೂ ನಡುವೆ ಚಾಕುವಿನ ಅಲಗು ತೂರಿಸಿದ. ಅದು ಎಲ್ಲೂ ತಡೆಯದೆ ಆಚೆ ಬದಿಗೆ ಬಂತು. ನಂಬಿಕೆಯಾಗದೆ ಇನ್ನೊಮ್ಮೆ ತೂರಿಸಿದ.

ಕೆಳಗೆ, ಈ ಹಳೆಯ ಕ್ರೈಸ್ತ ಸನ್ಯಾಸಿಮಠವನ್ನು ನೋಡಿಕೊಳ್ಳುವ ಎಡ್ವಿಜ್, ಮರುದಿನ ಅಲ್ಲೇ ನಡೆಯಲಿದ್ದ ಮಗಳ ಮದುವೆಗೆ ಕುರ್ಚಿ ಜೋಡಿಸುತ್ತಿದ್ದಳು. "ಏನಪ್ಪಾ ಮೇಸ್ತ್ರಿ, ಕಂಬ ಗಟ್ಟಿ ಇದೆ ತಾನೆ?"

"ಕಂಬಕ್ಕೇನೂ ಆಗಿಲ್ಲ ಮದಾಂ. ಆದ್ರೆ ಅದು ಚಾವಣೀನ ಮುಟ್ಟೇ ಇಲ್ಲ."

"ಮತ್ತೆ ಎಂಟುನೂರು ವರ್ಷದಿಂದ ಚಾವಣಿ ಹೇಗ್ ನಿಂತಿದೆ? ನನ್ ಮದುವೇನೂ ಇದ್ರಡೀಲೇ ಆಗಿದ್ದು ಕಣೋ!"

"ಅದೇ ನಂಗೂ ತಿಳೀತಿಲ್ಲ." ಮೂವತ್ತು ವರ್ಷ ಕಲ್ಲು ಕೆತ್ತಿದ್ದವನು ಏಣಿ ಇಳಿದು, ಕಮಾನು ನೋಡಿ, ಕಂಬ ನೋಡಿ, ತಲೆ ಕೆರೆದುಕೊಂಡ. "ಮದುವೆ ಅಂಗಳದಲ್ಲೇ ಆಗ್ಲಿ."

ಎಡ್ವಿಜ್ ಒಮ್ಮೆ ಚಾವಣಿಯತ್ತ ಕಣ್ಣೆತ್ತಿದಳು. ಇಬ್ಬರೂ ಒಂದೊಂದೇ ಕುರ್ಚಿ ಎತ್ತಿಕೊಂಡು, ಸದ್ದಾಗದಂತೆ, ತುದಿಗಾಲಿನಲ್ಲಿ ಹೊರಗೆ ನಡೆದರು.