ಅವ್ವ ಬಿಟ್ಟಲ್ಲಿಂದ

ಮಗ್ಗದಿಂದ ಇಳಿಸಿದ ಇಲಕಲ್ಲ ಸೀರೆಯ ಮೇಲೆ ಪಾರವ್ವ ಅಂಗೈ ಇಟ್ಟಳು. ಹದಿನಾಲ್ಕರ ಈ ಹುಡುಗಿಗೆ ಬಟ್ಟೆ ಮುಟ್ಟಿದರೆ ಅದನ್ನು ನೇಯ್ದವರ ದನಿ ಕೇಳುತ್ತಿತ್ತು. ಅದು ಗೊತ್ತಿದ್ದುದು ಅವ್ವನೊಬ್ಬಳಿಗೇ. ಆ ಅವ್ವ ಇದೇ ಸೀರೆ ನೇಯುತ್ತಿದ್ದಾಗ ಮಗ್ಗಕ್ಕೆ ಒರಗಿ ಕಣ್ಣು ಮುಚ್ಚಿ ಹದಿನೈದು ದಿನವಾಗಿತ್ತು.

"ಲಗೂನ ಮಡಚವಾ, ಅಂಗಡಿಗಿ ಕೊಟ್ಟು ಬರ್ತೇನಿ," ಎಂದ ಅಪ್ಪ ಹೊಳಬಸಪ್ಪ, ಗೋಡೆ ಕಡೆ ಮುಖ ಮಾಡಿ. ಹೆಣದ ಮುಂದೆಯೂ ಅವನು ಅತ್ತಿರಲಿಲ್ಲ. ಮೂರನೆಯ ದಿನವೇ ಮಗ್ಗದ ಕುಣಿಗೆ ಇಳಿದು, ಅವ್ವ ಬಿಟ್ಟಲ್ಲಿಂದಲೇ ಲಾಳಿ ಎಸೆಯತೊಡಗಿದ್ದ. ಅಂದಿನಿಂದ ಪಾರವ್ವ ಅವನೊಡನೆ ಮಾತು ಬಿಟ್ಟಿದ್ದಳು.

ಅಂಗೈ ಸರಿಸುತ್ತ ಹೋದಳು. ಅವ್ವ ಏನೋ ಗುನುಗುತ್ತಿದ್ದಳು, ನಡುವೆ ಕೆಮ್ಮಿದಳು, "ಪಾರೂ, ಚೂರು ಚಾ ಮಾಡವಾ" ಎಂದಳು. ಆಮೇಲೆ ಒಂದು ಎಳೆಯಲ್ಲಿ ದನಿ ನಿಂತುಬಿಟ್ಟಿತು. ಕೈ ಬದಲಾದದ್ದು ಕಣ್ಣಿಗೆ ಕಾಣದಂತೆ ಅಪ್ಪ ಅಲ್ಲಿಂದ ಮುಂದೆ ನೇಯ್ದಿದ್ದ. ಇನ್ನು ಕೇಳುವುದೇನೂ ಇಲ್ಲವೆಂದು ಅವಳು ಕೈ ತೆಗೆಯಬೇಕು, ಅಷ್ಟರಲ್ಲಿ ಮುಂದಿನ ಎಳೆಯೊಳಗೆ ಗಂಡಸೊಬ್ಬ ಬಿಕ್ಕಿಬಿಕ್ಕಿ ಅಳತೊಡಗಿದ. ಸೀರೆಯ ತುದಿ ಮುಟ್ಟುವ ತನಕ ಆ ಅಳು ನಿಲ್ಲಲಿಲ್ಲ.

ಪಾರವ್ವ ತಲೆಯೆತ್ತಿದಳು. ಅಪ್ಪ ಇನ್ನೂ ಬೆನ್ನು ತಿರುಗಿಸಿಯೇ ನಿಂತಿದ್ದ.

"ಅಪ್ಪಾ," ಎಂದಳು, ಹನ್ನೆರಡು ದಿನದ ಮೇಲೆ. "ಚಾ ಮಾಡ್ಲೇನು?"