ಪೊದೆಯೊಳಗಿನ ಡಿಸ್ಕ್

ತಟ್ಟೆಯಂಥ ಡಿಸ್ಕನ್ನು ಕಡಿಮೆ ಎಸೆತಗಳಲ್ಲಿ ಬುಟ್ಟಿಗೆ ಹಾಕುವ ಡಿಸ್ಕ್ ಗಾಲ್ಫ್ ಫೈನಲ್ಲಿನ ಕೊನೆಯ ಬುಟ್ಟಿ. ನೀಲಗಿರಿ ತೋಪಿನ ನಡುವೆ ಚಕ್ಕಡಿ ಗಾಡಿಯಷ್ಟೇ ಅಗಲದ ದಾರಿ, ಮುಂದೆ ತಿರುವು. ದಾಕ್ಷಾಯಿಣಿ, ನೀಲಕ್ಕ ಇಬ್ಬರ ಅಂಕವೂ ಸಮ, ಡಿಸ್ಕೂ ಒಂದೇ ಕಿತ್ತಳೆ ಬಣ್ಣ. ಹಿಂಬದಿಯಲ್ಲಿ ಬರೆದ ಹೆಸರೊಂದೇ ಗುರುತು. ಇಬ್ಬರೂ ಎಸೆದರು. ಎರಡೂ ತಿರುವಿನಾಚೆ ಮರೆಯಾದವು.

ದಾಕ್ಷಾಯಿಣಿ ನೀರು ಕುಡಿದು, ಶೂ ಲೇಸ್ ಬಿಚ್ಚಿ ಕಟ್ಟಿಕೊಂಡು ಹೋಗುವಷ್ಟರಲ್ಲಿ ನೀಲಕ್ಕ ಮುಳ್ಳುಪೊದೆಯಲ್ಲಿ ಬಗ್ಗಿ ಹುಡುಕುತ್ತಿದ್ದಳು. ತುಸು ಮುಂದೆ ಬುಟ್ಟಿಯ ಬುಡದಲ್ಲೇ ಒಂದು ಡಿಸ್ಕ್ ಬಿದ್ದಿತ್ತು. ಹಾಗಾದರೆ ಅದು ತನ್ನದೇ ಎಂದು ದಾಕ್ಷಾಯಿಣಿಯ ಎದೆ ಉಬ್ಬಿತು.

ಕಳೆದ ಡಿಸ್ಕ್ ಎದುರಾಳಿಯದಾದರೂ ಕೂಡಿ ಹುಡುಕುವುದು ಈ ಆಟದ ಮರ್ಯಾದೆ. ಮೂರು ನಿಮಿಷದೊಳಗೆ ಸಿಗದಿದ್ದರೆ ಒಂದು ಎಸೆತದ ದಂಡ ತೆತ್ತು ಮೊದಲಿನ ಜಾಗದಿಂದಲೇ ಮತ್ತೆ ಎಸೆಯಬೇಕು. ಅವಳೂ ಪೊದೆಗೆ ಇಳಿದಳು. ಒಣ ಎಲೆಗಳ ಸಂದಿಯಲ್ಲಿ ಕಿತ್ತಳೆ ಅಂಚು ಕಂಡಿತು. ಕಾಲು ತಾನಾಗಿಯೇ ಹೋಗಿ ಅದರ ಮೇಲೆ ನಿಂತಿತು.

“ಆ ಕಡೆ ಏನರ ಕಾಣ್ತೈತೇನವಾ?”

“ಇಲ್ಲಕ್ಕಾ, ಬರೇ ಎಲಿ.”

ನೀಲಕ್ಕನ ಮುಂಗೈಗೆ ಮುಳ್ಳು ಗೀರಿ ರಕ್ತ ಜಿನುಗುತ್ತಿತ್ತು. “ಈ ಆಟ ಅರವತ್ತರ ಮುದುಕಿನ್ನ ಹೆಂಗ ಬಗ್ಗಸ್ತೈತಿ ನೋಡು. ನನ್ನ ಸೊಸಿ ನೋಡಿದ್ಲಂದ್ರ ಹಾಲು ಕುಡಿದಂಗ ಆಗ್ತೈತಿ ಆಕಿಗೆ,” ಎಂದು ನಕ್ಕಳು.

ದಾಕ್ಷಾಯಿಣಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ‘ಎತ್ತು ಕಾಲು, ಎತ್ತು’ ಎಂದಿತು ಮನಸ್ಸು. ಕಾಲು ಏಳಲಿಲ್ಲ.

ಕೊನೆಗೆ ತಲೆ ತಗ್ಗಿಸಿಯೇ ಹೇಳಿದಳು, “ಮೂರು ನಿಮಿಷ ಆತಕ್ಕಾ.”

ನೀಲಕ್ಕ ಸೊಂಟ ಹಿಡಿದುಕೊಂಡು ನೆಟ್ಟಗಾದಳು. “ಏನ್ ಮಾಡೂದು, ಸಿಗಲಿಲ್ಲ. ಮನಸ್ಸಿಗೆ ಹಚ್ಚಿಕೋಬ್ಯಾಡ ತಂಗಿ, ಹೋಗಿ ಮತ್ತ ಒಗದು ಬಾ. ಬುಟ್ಟಿ ಕೆಳಗಿಂದು ನಂದು; ಹೆಸರು ನೋಡೇ ನಿಂದು ಹುಡುಕಾಕ ಬಂದೆ.”