ಟ್ಯೂನಿಸ್ ಪೇಟೆಯ ಪಾವಿನಂಗಡಿ

"ಖಾರದ ಮ್ಯಾಲ ನಾಕ ಬೆರಳಿನ ಗುರುತಿತ್ರಿ, ಅಕ್ಕಾರ," ಎಂದು ಹವಾಲ್ದಾರ ಮಲ್ಲೇಶಪ್ಪ ಹೇಳಿದಾಗ ರೋಶನಬಿ ನೀರಿನ ತಂಬಿಗೆಯನ್ನು ಅವನ ಮುಂದಿಡುತ್ತಿದ್ದಳು. ಅವನು ತಂಬಿಗೆ ನೋಡುತ್ತಿರಲಿಲ್ಲ, ಅವಳ ಮುಖ ನೋಡುತ್ತಿದ್ದ.

ಮಲ್ಲೇಶಪ್ಪ ಹಿರೇಬೆಂಡಿಗೇರಿಯವನು. ಕಾಲಿಗೆ ಗುಂಡು ತಗುಲಿ ಯುದ್ಧದಿಂದ ಮರಳಿದವನು, ಈಗ ಪಲ್ಟನ್ ಕಚೇರಿಯ ಕಾಗದ ಹೊತ್ತು ಊರೂರು ತಿರುಗುತ್ತಿದ್ದ. ಸವಣೂರಿನ ಈ ಮನೆಗೆ ಬಂದದ್ದು ರೋಶನಬಿಯ ಗಂಡ ಮಕ್ತುಮಸಾಬನ ಸಲುವಾಗಿ. ಪಲ್ಟನ್ನಿನಲ್ಲಿ ಅಡುಗೆಯವನಾಗಿದ್ದ ಮಕ್ತುಮಸಾಬ ಹೋದ ವರ್ಷ ಆಫ್ರಿಕಾದ ಟ್ಯೂನಿಸ್ ಸೀಮೆಯಲ್ಲಿ ಜರ್ಮನ್ನರೊಡನೆ ನಡೆದ ಕಾಳಗದಲ್ಲಿ ಕಾಣೆಯಾಗಿದ್ದ. ಸತ್ತನೆಂದು ಒಪ್ಪಿ ಹೆಬ್ಬೆಟ್ಟು ಒತ್ತಿರೆಂದು ಕಚೇರಿಯವರು ಎರಡು ಸಲ ಹೇಳಿ ಕಳಿಸಿದ್ದರು. ಹೆಂಡತಿಯೂ ಒತ್ತಲಿಲ್ಲ, ತಾಯಿ ಮಾಸೂಮಾ ಅಂತೂ ಬಂದವರನ್ನು ಬೈದು ಅಂಗಳ ದಾಟಿಸಿದ್ದಳು.

ಕಾಳಗ ಮುಗಿದ ಮೇಲೆ, ಹಡಗು ಹತ್ತುವ ಮುಂಚೆ, ಮಲ್ಲೇಶಪ್ಪ ಟ್ಯೂನಿಸ್ ಪಟ್ಟಣ ನೋಡಲು ಹೋಗಿದ್ದನಂತೆ. ಹುಬ್ಬಳ್ಳಿಯಂಥ ಹತ್ತು ಊರು ಕೂಡಿಸಿದರೂ ಸಾಲದಂಥ ಪಟ್ಟಣ. ಅದರ ಹಳೇ ಪೇಟೆಯ ಗಲ್ಲಿಯೊಳಗೆ ಒಂದು ಅಂಗಡಿ, ನಮ್ಮ ಎತ್ತಿನ ಗೋದಲಿಯಷ್ಟೇ ಅಗಲ. ಮುತ್ತಜ್ಜನ ಕಾಲದಿಂದ ಅದೇ ಕಟ್ಟೆ, ಅದೇ ಮರದ ಹಲಗೆ. ಒಬ್ಬ ಮುದುಕ ಉದ್ದನೆಯ ಬ್ರೆಡ್ಡಿನಂಥ ಪಾವಿನ ಹೊಟ್ಟೆ ಸೀಳಿ, ಎಣ್ಣೆ ಸುರಿದು, ಕೆಂಪು ಖಾರ ಸವರಿ, ಮೀನಿನ ಚೂರು, ಕುದಿಸಿದ ತತ್ತಿ, ಉಪ್ಪುನೀರಲ್ಲಿ ನೆನೆದ ನೇರಳೆಯಂಥ ಕಾಯಿ ತುಂಬಿ ಕೊಡುತ್ತಿದ್ದ. ಬಾಯಿಗಿಟ್ಟರೆ ಅದು ಪರದೇಶದ ಖಾರವೇ ಅಲ್ಲ. ಹಸಿ ಕೆಂಪು ಮೆಣಸಿನಕಾಯಿಗೆ ಬೆಳ್ಳುಳ್ಳಿ, ಮೆಂತ್ಯ ಕೂಡಿಸಿ ರುಬ್ಬುವ ನಮ್ಮ ರಂಜಕವೇ! ಅಷ್ಟರಲ್ಲಿ ಮುದುಕ ಹೊಸ ಭರಣಿ ಬಿಚ್ಚಿದ. ಖಾರದ ಮೇಲೆ ಅಂಗೈ ಒತ್ತಿದ ಗುರುತು, ಅದರಲ್ಲಿ ಉಂಗುರಬೆರಳಿನ ಜಾಗ ಮಾತ್ರ ಖಾಲಿ. ಇದನ್ನು ರುಬ್ಬಿದವರು ಯಾರು, ಒಳಗೆ ಯಾರಿದ್ದಾರೆಂದು ಕೇಳಿದರೆ ಮುದುಕ ಪರದೆ ಎಳೆದುಬಿಟ್ಟನಂತೆ.

ಮಕ್ತುಮಸಾಬನ ಬಲಗೈಯ ಉಂಗುರಬೆರಳು ಹತ್ತಿಯ ಗಿರಣಿಯಲ್ಲಿ ಹೋಗಿತ್ತು. ಅದು ಪಲ್ಟನ್ನಿನ ಕಾಗದದಲ್ಲೂ ದಾಖಲಾಗಿತ್ತು.

"ನಾಕ ಬೆರಳಿನವ್ರು ಜಗತ್ತಿನ್ಯಾಗ ಬೇಕಾದಷ್ಟ ಮಂದಿ ಅದಾರ," ಎಂದ ಮಲ್ಲೇಶಪ್ಪ. "ಆದ್ರ ಖಾರದ ಮ್ಯಾಲ ಕೈ ಒತ್ತಿ ಇಡೋ ಪದ್ಧತಿ ಯಾರ ಮನಿದು? ಅದನ್ನ ಕೇಳ್ಕೊಂಡ ಬಾ ಅಂದಾರ ಸಾಹೇಬ್ರು."

ಬದುಕಿದ್ದಾನೆ! ರೋಶನಬಿಗೆ ಮೊದಲು ಹೊಳೆದದ್ದು ಅದೇ. ಮರುಕ್ಷಣವೇ ಇನ್ನೊಂದೂ ಹೊಳೆಯಿತು. ಕಾಳಗ ಬಿಟ್ಟು ಓಡಿದವನು ಸಿಕ್ಕರೆ ಗುಂಡು, ಇಲ್ಲವೇ ಸಾಯುವತನಕ ಜೈಲು ಎಂಬುದು ಸಂತೆಯಲ್ಲೆಲ್ಲ ಆಡುವ ಮಾತು. ಎಂಥ ಹುಚ್ಚಪ್ಪ ಇವನು! ಹೆಸರು ಬದಲಿಸಿರಬೇಕು, ವೇಷ ಬದಲಿಸಿರಬೇಕು, ಕೈಯ ಚಾಳಿ ಮಾತ್ರ ಬಿಡಲಿಲ್ಲ. ಹುಟ್ಟುಗುಣ ಘಟ್ಟ ಹತ್ತಿದರೂ ಹೋಗದು ಎನ್ನುತ್ತಾರೆ, ಇದು ಸಮುದ್ರ ದಾಟಿದರೂ ಹೋಗಿರಲಿಲ್ಲ. ಗೋಡೆಗೊರಗಿ ಕುಳಿತಿದ್ದ ಅತ್ತೆಯ ತುಟಿ ಅದುರುವುದನ್ನು ಕಂಡು ರೋಶನಬಿ ಗಾಬರಿಯಾದಳು. ಮುದುಕಿ ಸಂತೋಷಕ್ಕೆ ಒಂದು ಮಾತು ಆಡಿದರೂ ಮಗನ ಕಥೆ ಮುಗಿಯಿತು. ಅವಳಿಗಿಂತ ಮೊದಲು ತಾನೇ ಬಾಯಿ ಹಾಕಿ, ತಮ್ಮಲ್ಲಿ ಅಂಥ ಪದ್ಧತಿ ಇಲ್ಲವೆಂದಳು.

ಮಲ್ಲೇಶಪ್ಪ ತಲೆಯಾಡಿಸಿದ. ಬರೆಯಲು ಪೆನ್ಸಿಲ್ ತೆಗೆದವನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡ.

"ಹಸಿವ್ಯಾಗೇತ್ರಿ. ಒಂದ ರೊಟ್ಟಿ, ಒಂಚೂರ ರಂಜಕ ಕೊಡ್ರಿ. ಭರಣಿನ ತರ್ರಿ, ನಾನ ಹಚ್ಕೋತೇನಿ."

ಸವಣೂರಿನ ಮನೆಯಲ್ಲಿ ರಂಜಕ ಇಲ್ಲವೆಂದರೆ ಯಾರು ನಂಬಿಯಾರು? ರೋಶನಬಿ ಅಡುಗೆಮನೆಗೆ ಹೋದಳು. ಅಲ್ಲಿದ್ದದ್ದು ಒಂದೇ ಭರಣಿ. ಎರಡು ವರ್ಷದ ಹಿಂದೆ ರಜೆ ಮುಗಿಸಿ ಹೊರಡುವ ಮುನ್ನಾದಿನ ಮಕ್ತುಮಸಾಬ ತಾನೇ ರುಬ್ಬಿ ತುಂಬಿದ್ದು. ಭರಣಿ ತುಂಬಿದವರು ಅದರ ಮೇಲೆ ಬಲಗೈಯ ಪಂಜಾ ಒತ್ತಿ, ಆ ಕುಣಿಗಳಿಗೆ ಎಣ್ಣೆ ಹನಿಸುವುದು ಮಾಸೂಮಾಳ ತವರಿನಿಂದ ಬಂದ ಪದ್ಧತಿ. ಅತ್ತೆ ಸೊಸೆ ಅದಕ್ಕೆ ಬೆರಳು ಹಚ್ಚಿರಲಿಲ್ಲ. ತಿಂಗಳಿಗೊಮ್ಮೆ ಎಣ್ಣೆ ಹಾಕುತ್ತ, ಉಳ್ಳಾಗಡ್ಡಿ ಕಚ್ಚಿಕೊಂಡು ರೊಟ್ಟಿ ತಿಂದಿದ್ದರು. ಅವನದೆಂದು ಮನೆಯಲ್ಲಿ ಉಳಿದದ್ದು ಆ ಕೈಯೊಂದೇ.

ಹೊರಗೆ ಮಲ್ಲೇಶಪ್ಪ ಕೆಮ್ಮಿದ. ಎದ್ದು ನಿಂತ ಸಪ್ಪಳವೂ ಕೇಳಿತು. ರೋಶನಬಿ ಭರಣಿಯೊಳಗೆ ಕೈ ಇಳಿಸಿದಳು. ಅಂಗೈಯ ಗುರುತು ಅಳಿಸಿದಳು, ಹೆಬ್ಬೆರಳಿನ ಕುಣಿ ಮುಚ್ಚಿದಳು, ತೋರುಬೆರಳಿನದು ಮುಚ್ಚಿದಳು, ನಡುಬೆರಳಿನದು ಮುಚ್ಚಿದಳು. ಕಿರುಬೆರಳಿನ ಹತ್ತಿರ ಬಂದಾಗ ಕೈ ಏಳಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡಳು. ಅಷ್ಟರಲ್ಲಿ ಪಕ್ಕದಿಂದ ಸುಕ್ಕುಗಟ್ಟಿದ ಕೈಯೊಂದು ಬಂತು. ಮಾಸೂಮಾಳದು. ಆ ಪುಟ್ಟ ಕುಣಿಯ ಮೇಲೆ ಬೆರಳಿಟ್ಟು ಒಂದು ಗಳಿಗೆ ಹಾಗೇ ನಿಂತಳು, ಆಮೇಲೆ ಸವರಿ ಸಪಾಟು ಮಾಡಿದಳು.

ಭರಣಿಯನ್ನು ಮುದುಕಿಯೇ ಹೊತ್ತು ತಂದಳು. ಮಲ್ಲೇಶಪ್ಪ ಬಗ್ಗಿ ಒಳಗೆ ನೋಡಿದ, ಬಹಳ ಹೊತ್ತು ನೋಡಿದ. ಮಾಸೂಮಾ ಅವನೆದುರು ಕುಕ್ಕರಗಾಲಲ್ಲಿ ಕುಳಿತು, ರೊಟ್ಟಿಯ ಮೇಲೆ ದೊಡ್ಡದೊಂದು ಉಂಡೆ ಖಾರ ಇಟ್ಟಳು.

"ಹೊಟ್ಟಿ ತುಂಬ ಉಣ್ರಿ, ಹವಾಲ್ದಾರ್ರ," ಎಂದಳು. "ಉಂಡಮ್ಯಾಲ ಹೆಬ್ಬೆಟ್ಟ ಎಲ್ಲಿ ಒತ್ತಬೇಕು ತೋರಸ್ರಿ. ನನ್ನ ಮಗ ಸತ್ತಾನ."